ಗಾಳಿಯಾದ ಅಕ್ಕ ಆಡಿದ ಒಂದೇ ಮಾತು

ಭಾನುವಾರ, ೮-೬-೨೦೦೩

ಯಾರದು, ಈ ಪುಸ್ತಕ ತೆರೆದದ್ದು? ಕೈ ತೊಳೆದಿದ್ದೀಯಾ? ಮುದುಕಿ ದಿಂಬಿನ ಕೆಳಗೆ ಇಟ್ಟದ್ದನ್ನು ಎಳೆದು ಓದುವವರಿಗೆ ಮನೆಯಲ್ಲಿ ಬೇರೆ ಕೆಲಸವಿಲ್ಲವೇ? ಒಲೆಯ ಮೇಲೆ ಹಾಲಿಟ್ಟಿದ್ದರೆ ಹೋಗಿ ನೋಡು, ಉಕ್ಕಿರುತ್ತದೆ. ನಾಲ್ಕನೇ ಕ್ಲಾಸಿಗೇ ಓದು ಬಿಟ್ಟವಳ ಕಾಗುಣಿತದಲ್ಲಿ ತಪ್ಪು ಹುಡುಕುವುದಾದರೆ ಮುಚ್ಚಿಟ್ಟು ಎದ್ದು ಹೋಗು.

ಹಸು ಕರೆದೆ, ಮುದ್ದೆಗೆ ಎಸರಿಟ್ಟೆ, ಹತ್ತು ಗಂಟೆಗೆ ಮೊಮ್ಮಗಳು ರಜನಿಯನ್ನು ಕರೆದುಕೊಂಡು ಗೋಡೆಯಾಚೆ ಮನೆಗೆ. ಎಂದಿನಂತೆ. ಅದು ನನ್ನ ಓರಗಿತ್ತಿ ಶಾಮಲಮ್ಮನ ಮನೆ. ಮೈದುನನ ಹೆಂಡತಿ. ಒಂದೇ ಮನೆ, ಪಾಲಾದ ಮೇಲೆ ಎರಡು. ಅವಳಿಗೂ ನನಗೂ ಮಾತಿಲ್ಲ. ಅವಳ ಮಗಳ ಮದುವೆಗೆ ನಾನು ಹಾಕಿಕೊಟ್ಟ ಮಾವಿನ ಉಪ್ಪಿನಕಾಯಿಗೆ ಬೂಜು ಹಿಡಿದಿದೆ ಎಂದು ಪಂಕ್ತಿಯಲ್ಲೇ ಹೇಳಿ ಜಾಡಿ ಎತ್ತಿಸಿದಳು. ಬೈರಕೂರಿನಲ್ಲಿ ನನ್ನ ಉಪ್ಪಿನಕಾಯಿಗೆ ಹಾಗೆಂದವರು ಇನ್ನೊಬ್ಬರಿಲ್ಲ. ಆಗ ರಜನಿ ಹುಟ್ಟಿರಲಿಲ್ಲ. ಈಗ ಮೂರನೇ ಕ್ಲಾಸು.

ಆದರೆ ಕೇಬಲ್ ಇರುವುದು ಅವಳ ಮನೆಯಲ್ಲಿ. ಆಂಧ್ರದ ಚಾನೆಲ್ಲಿನ ತೆಲುಗು ಕಾರ್ಟೂನು ಬರುವುದು ಅದರಲ್ಲೇ. ಹೆಣ್ಣು ಹುಡುಗಿಯನ್ನು ಅಷ್ಟು ದೂರ ಒಬ್ಬಳನ್ನೇ ಕಳಿಸಲಾದೀತೇ... ಅದಕ್ಕೆ ಹೋಗುತ್ತೇನೆ.

ಕಥೆ ಹೀಗೆ. ಮಿನ್ನಿ ಎಂಬ ಹುಡುಗಿ. ಅಕ್ಕನ ಜೊತೆ ಜಗಳ. ಅಕ್ಕ ಮಾತು ಬಿಟ್ಟು ಹೊರಗೆ ಹೋದವಳು ಗಾಳಿಯಾಗಿಬಿಟ್ಟಳು. ಕಾಣುವುದಿಲ್ಲ, ಮಾತಾಡುವುದಿಲ್ಲ. ಮಿನ್ನಿ ಒಂದು ಮುದಿ ಕೊಕ್ಕರೆಯ ಬೆನ್ನೇರಿ ಅವಳನ್ನು ಹುಡುಕುತ್ತಾಳೆ. ಅಲ್ಲಿ ಬೆಟ್ಟಗಳು ನಡೆಯುತ್ತವೆ. ನದಿ ನಿದ್ದೆಯಲ್ಲಿ ಮಗ್ಗುಲಾಗುತ್ತದೆ. ಯಾರೋ ಕೂತು ಬರೆದ ಚಿತ್ರ, ರಕ್ತವಿಲ್ಲ, ಮಾಂಸವಿಲ್ಲ. ನೋಡುತ್ತ ಕೂತರೆ ಕಾಲು ಜೋಮು ಹಿಡಿದದ್ದೂ ಗೊತ್ತಾಗುವುದಿಲ್ಲ.

ಇವತ್ತು ಮಿನ್ನಿ ಕಾಡಿನ ಗುಡಿಸಲಿನಲ್ಲಿ ಎರಡು ತಟ್ಟೆ ಇಟ್ಟಳು. ಎರಡರಲ್ಲೂ ಬಿಸಿ ಅನ್ನ. ಕಾದಳು. ಯಾರೂ ಬರಲಿಲ್ಲ. ಆಮೇಲೆ ಎದುರಿನ ತಟ್ಟೆಯ ಹಬೆ ಮೆಲ್ಲಗೆ ಒಂದು ಕಡೆ ವಾಲಿತು. ಅಷ್ಟೇ.

ಶಾಮಲಮ್ಮನಿಗೆ ಎರಡು ಕಣ್ಣಿಗೂ ಪೊರೆ. ಬೆಳಕು ಬಿಟ್ಟು ಬೇರೇನೂ ಕಾಣದು.

“ರಜನಿ, ಯಾಕೆ ಎಲ್ಲಾ ಸುಮ್ನಾದ್ರಿ? ನಿಮ್ಮಜ್ಜಿನ ಕೇಳು.”

“ರಜನಿ, ಅನ್ನದ ಹಬೆ ವಾಲ್ತು ಅಂತ ಹೇಳು ನಿಮ್ಮ ಚಿಕ್ಕಜ್ಜಿಗೆ.”

“ವಾಲಿದ್ರೆ ಏನಂತೆ, ಕೇಳು.”

“ಅವರಕ್ಕ ಬಂದು ಕೂತ್ಲು ಅಂತ ಹೇಳು. ಇಷ್ಟೂ ತಿಳಿಯಲ್ವಾ ಅಂತ್ಲೂ ಹೇಳು.”

ರಜನಿ ನಮ್ಮಿಬ್ಬರ ಮಧ್ಯೆ ಕೂತು ಹುರಿಗಡಲೆ ತಿನ್ನುತ್ತಿದ್ದಳು. ಒಂದನ್ನೂ ದಾಟಿಸಲಿಲ್ಲ. ಶಾಮಲಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

ಭಾನುವಾರ, ೨೨-೬

ಈಗ ಕಿಟಕಿಗೂ ಜನ. ಡೇರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ದೊಡ್ಡಮುನಿಯಪ್ಪ ನಿಲ್ಲುತ್ತಾನೆ. “ಅದು ಅಕ್ಕ ಅಲ್ಲ ಕಣಮ್ಮ, ಗಾಳಿ ಸೋಕು. ಹುಡುಗಿಗೆ ಒಂದು ತಾಯತ ಕಟ್ಟಿದ್ರೆ ಮುಗೀತು.” ಚನ್ನರಾಯಪ್ಪ ಮೇಷ್ಟ್ರಿಗೆ ಬೇರೆ ದೂರು. “ಮಕ್ಕಳ ಕಾರ್ಟೂನು ನಗಿಸ್ಬೇಕು. ಇದೇನಿದು, ವಾರವಾರ ಅಳ್ಸೋದು?” ಹೇಳುತ್ತಲೇ ಕನ್ನಡಕ ತೆಗೆದು ಒರೆಸಿದರು.

“ನಗೋಕೆ ನಿಮ್ಮ ಇಂಗ್ಲಿಷ್ ಪಾಠ ಇದೆಯಲ್ಲ ಮೇಷ್ಟ್ರೇ,” ಎಂದೆ.

ಶಾಮಲಮ್ಮ ನಕ್ಕಳು. ಗೋಡೆ ಕಡೆ ತಿರುಗಿ.

ಭಾನುವಾರ, ೬-೭, ಮಧ್ಯಾಹ್ನ

ಬಂದವಳೇ ಬರೆಯಲು ಕೂತೆ. ಅಕ್ಷರ ಸೊಟ್ಟ.

ರಜನಿ ತಾಯಿಯ ಜೊತೆ ಚಪ್ಪಲಿ ಕೊಳ್ಳಲು ಮುಳಬಾಗಿಲಿಗೆ ಹೋಗಿದ್ದಳು. ಹುಡುಗಿಯಿಲ್ಲದೆ ಹೋಗಬಾರದು ಎಂದುಕೊಂಡೆ. ಹೋದೆ. “ರಜನಿ ಪೆನ್ಸಿಲು ಇಲ್ಲೇ ಬಿಟ್ಟಿದ್ದಾಳಂತೆ,” ಎಂದು ಬಾಗಿಲ ಚೌಕಟ್ಟಿಗೆ ಹೇಳಿ ಒಳಗೆ ಕೂತೆ. ಟೀವಿ ಆಗಲೇ ಹಾಕಿತ್ತು.

ಮಿನ್ನಿ ಬೆಟ್ಟದ ತುದಿಗೆ ಬಂದಳು. ಅಲ್ಲಿ ಏನೂ ಇಲ್ಲ. ಬಯಲು, ಹುಲ್ಲು. ಹುಲ್ಲೆಲ್ಲ ಒಮ್ಮೆಗೇ ಬಾಗಿತು. ಬಾಗಿದ ಹುಲ್ಲಿನಲ್ಲೇ ಒಂದು ಮುಖ ಮೂಡಿತು, ನಮ್ಮ ಕೆರೆಯಷ್ಟು ದೊಡ್ಡದು. ಕಣ್ಣಿಗೆ ರೆಪ್ಪೆ ಕೂಡ. ದೇವರ ಮುಂದೆ ಕೂಡ ಹಾಗೆ ಬಾಯಿ ಬಿಟ್ಟು ಕೂತವಳಲ್ಲ ನಾನು.

“ಅಕ್ಕಾ, ಏನಾಯ್ತು?”

ಮಿನ್ನಿ ಕರೆದಳು ಎಂದುಕೊಂಡೆ. ಅಲ್ಲ. ಶಾಮಲಮ್ಮ.

“ಹುಲ್ಲಲ್ಲಿ ಮುಖ ಬಂತು ಕಣೇ,” ಎಂದೆ. ಬಾಯಿ ತಾನಾಗಿ ಆಡಿತು. “ಅಕ್ಕನ ಮುಖ. ಗಾಳಿ ಬೀಸ್ದಂಗೆಲ್ಲ ಬದಲಾಗ್ತಿದೆ. ಒಂದ್ಸಲ ಚಿಕ್ಕ ಹುಡುಗಿ, ಒಂದ್ಸಲ ಮುದುಕಿ.”

“ಸಿಟ್ಟಾಗಿದ್ದಾಳಾ?”

“ಗೊತ್ತಾಗ್ತಿಲ್ಲ, ಇರು.”

ಆ ಮುಖ ಬಾಯಿ ತೆರೆಯಿತು. ಕಥೆ ಶುರುವಾದ ಮೇಲೆ ಅಕ್ಕ ಆಡಿದ ಮೊದಲ ಮಾತು. ಒಂದೇ ಮಾತು — “ತಲುಪು.” ಪರದೆ ಕಪ್ಪಾಯಿತು. ಹೆಸರುಗಳು ಓಡಿದವು.

ನಾವಿಬ್ಬರೂ ಏಳಲಿಲ್ಲ. ಪೆನ್ಸಿಲು ಹುಡುಕುವುದೂ ಮರೆಯಿತು.

ಭಾನುವಾರ, ೧೩-೭

ಹತ್ತು ಗಂಟೆಗೆ ಕುಕ್ಕರ್ ಮಾರುತ್ತಿದ್ದರು. ಅದೇ ಚಾನೆಲ್. ಕೇಬಲ್ ಹಾಕುವ ಕದಿರೇಶನನ್ನು ದಾರಿಯಲ್ಲಿ ಹಿಡಿದೆ.

“ನಿಲ್ಸಿಬಿಟ್ರಂತೆ ಅಜ್ಜಿ. ಯಾರೂ ನೋಡಲ್ವಂತೆ.”

“ಹಂಗಾದ್ರೆ ನಾವ್ಯಾರ್ಲಾ?”

“ನಿಮ್ಮನ್ನ ಅವರು ಲೆಕ್ಕಕ್ಕೆ ತಗೊಂಡಿಲ್ಲ.”

“ಮಿಕ್ಕ ಕಥೆ?”

“ಮಾಡೇ ಇಲ್ವಂತೆ.”

ಬೆರಗಾಯಿತು. ಎಲ್ಲೋ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದಾರೆ ಎಂದುಕೊಂಡಿದ್ದೆ. ಹುಟ್ಟೇ ಇಲ್ಲದ ಕಥೆಗೆ ಒಂದು ಬೀದಿ ಜನ ಕಾದು ಕೂತಿದ್ದೇವೆ.

ಇನ್ನು ಆ ‘ತಲುಪು’. ಶಾಮಲಮ್ಮ ನಂಗಲಿ ಗಡಿಯಾಚೆಯವಳು, ತವರಲ್ಲಿ ತೆಲುಗು. ಅವಳಿಗೆ ತಲುಪು ಎಂದರೆ ಬಾಗಿಲು. ನಾನು ಹೋಳೂರಿನವಳು. ನನಗೆ ತಲುಪು ಎಂದರೆ ಬಂದು ಸೇರು. ಅಷ್ಟು ವಾರ ತೆಲುಗು ಕೇಳಿದ ಕಿವಿ ಆ ಒಂದು ಮಾತನ್ನು ಮಾತ್ರ ಕನ್ನಡದಲ್ಲಿ ಕೇಳಿತು.

“ತೆಲುಗಿನವಳು ಕನ್ನಡ ಯಾಕೆ ಆಡ್ತಾಳೆ ಅಕ್ಕಾ? ಬಾಗಿಲು ಅಂದ್ಲು. ಬಾಗಿಲು ಹಾಕಿದೆ, ಬರಬೇಡ ಅಂತ.”

“ಬಾಗಿಲೆಲ್ಲಿತ್ತೇ ಅಲ್ಲಿ? ನೋಡ್ದವಳು ನಾನು. ಬರೀ ಬಯಲು. ನನ್ ಹತ್ರ ಬಾ ಅಂದ್ಲು.”

“ನೀನು ಮುಖ ನೋಡ್ದೆ. ನಾನು ದನಿ ಕೇಳ್ದೆ. ಸಿಟ್ಟು ಇಳ್ದಿರ್ಲಿಲ್ಲ.”

ದೊಡ್ಡಮುನಿಯಪ್ಪ ಬಾಗಿಲಿನ ಕಡೆ. ರಜನಿ ನನ್ನ ಕಡೆ. ಮೇಷ್ಟ್ರು “ಡಬ್ಬಿಂಗ್ ತಪ್ಪು” ಎಂದರು. ಅವರನ್ನು ಯಾರೂ ಕೇಳಿರಲಿಲ್ಲ.

ಭಾನುವಾರ, ೧೦-೮

ಹೋಗಿಲ್ಲ. ಯಾವ ನೆಪದಲ್ಲಿ ಹೋಗಲಿ? ಕುಕ್ಕರ್ ನೋಡಲು ಬಂದೆ ಅನ್ನಲೇ? ಅವಳೂ ಕರೆಯಲಿಲ್ಲ. ಹತ್ತಕ್ಕೆ ಗೋಡೆಯಾಚೆ ಟೀವಿ ಹಾಕುವುದು ಕೇಳಿಸುತ್ತದೆ. ಸ್ವಲ್ಪ ಹೊತ್ತು. ಆರಿಸುತ್ತಾಳೆ. ಮತ್ತೆ ಮೊದಲಿನ ಹಾಗೇ ಆಗಿಹೋದರೆ? ಮುದಿತನದಲ್ಲಿ ಇನ್ನೊಂದು ಸಲ ಮಾತು ಬಿಟ್ಟರೆ ಮತ್ತೆ ಹಿಡಿಯಲು ಹೊತ್ತು ಉಳಿದಿಲ್ಲ.

ಮಂಗಳವಾರ, ೧೨-೮

ಪೊರೆ ತೆಗೆಸಲು ಮಗಳು ಬಂದು ಅವಳನ್ನು ಕೋಲಾರಕ್ಕೆ ಕರೆದುಕೊಂಡು ಹೋದಳು. ಬಸ್ಸಿನ ತನಕ ಹೋದೆ. ಕೈ ಹಿಡಿದು ನಡೆಸಿದೆ, ದಾರಿ ಗುಂಡಿ ಬಿದ್ದಿದೆ ಎಂಬ ನೆಪ.

“ಕಣ್ಣು ಬಂದ್ಮೇಲೆ ಮೊದ್ಲು ಮಿನ್ನಿ ಮುಖ ನೋಡ್ಬೇಕು ಅಂತಿದ್ದೆ ಅಕ್ಕಾ. ಇನ್ನೇನು ನೋಡ್ಲಿ?”

ನನ್ನನ್ನು ನೋಡು ಎನ್ನಬೇಕಿತ್ತು.

“ಮೊದ್ಲು ಬಸ್ಸಿನ ಮೆಟ್ಲು ನೋಡು, ಬಿದ್ದೀಯ,” ಎಂದೆ.

ಭಾನುವಾರ, ೨೪-೮

ಒಂದು ಕಣ್ಣಿಗೆ ಆಪರೇಷನ್ ಆಯಿತಂತೆ. ಪಟ್ಟಿ ಬಿಚ್ಚಿದ್ದಾರಂತೆ. ಗಡಿಯಾರ ಕಂಡಿತಂತೆ. ಕಾಗದ ಹಾಕಬೇಕು. ತಪ್ಪಾಗದಂತೆ ಇಲ್ಲಿ ಬರೆದು ನೋಡುತ್ತೇನೆ.

ಶಾಮಲೂ,

ಕಥೆ ಮಾಡುವವರು ಕೈಬಿಟ್ಟರು. ನಾವು ಬಿಡುವುದು ಬೇಡ. ನೀನು ಬಾಗಿಲು ಅಂದೆ. ಸರಿ, ಬಾಗಿಲೇ ಇರಲಿ, ನಿನ್ನ ಕಿವಿ ನನ್ನ ಕಣ್ಣಿಗಿಂತ ಚುರುಕು. ಮಿನ್ನಿ ಅದನ್ನು ತಟ್ಟಿದಳು. ಅಲ್ಲಿಗೆ ಈ ಭಾನುವಾರದ್ದು ಮುಗಿಸಿದ್ದೇನೆ. ಮುಂದಿನದು ನಿನ್ನ ಪಾಲು. ಚಿಲಕ ಒಳಗಿತ್ತೋ ಹೊರಗಿತ್ತೋ, ತೆರೆದವರು ಯಾರು, ನೀನೇ ಹೇಳಬೇಕು. ತೆಲುಗಿನಲ್ಲೇ ಬರಿ, ಅಕ್ಷರ ಕೂಡಿಸಿಕೊಂಡು ಓದುತ್ತೇನೆ. ಡಾಕ್ಟರು ಬೇಡ ಅಂದಿದ್ದರೆ ಮಗಳ ಕೈಲಿ ಬರೆಸು. ಅವಳ ಬುದ್ಧಿ ಸೇರಿಸಬೇಡ ಅನ್ನು. ಸೆಪ್ಟೆಂಬರ್ ಹುಟ್ಟುವ ಮೊದಲು ಉತ್ತರ ಬರಬೇಕು. ಬರದಿದ್ದರೆ —