ನಮ್ಮ ಮನೆ ಮುಂದಿನ ನಲವತ್ತೊಂದು ಡಾಂಬರು

ನಲವತ್ತೊಂದನೇ ಡಾಂಬರಿನ ಆರನೇ ವರ್ಷ, ಕಾರ್ತಿಕ ಸೋಮವಾರ.

ನನ್ನ ಗಂಡನ ಮುತ್ತಜ್ಜಿಯ ಮುತ್ತಜ್ಜಿ ಓಬಮ್ಮನವರಿಗೆ, ನಿಮ್ಮದೇ ಮನೆಗೆ ಸೊಸೆಯಾಗಿ ಬಂದ ಹಾಲಮ್ಮ ಮಾಡುವ ನಮಸ್ಕಾರ. ತಾರೀಖು ನೋಡಿ ಗಾಬರಿಯಾಗಬೇಡಿ. ನಾವು ಇಸವಿ ಎಣಿಸುವುದನ್ನು ಬಿಟ್ಟು ಬಹಳ ಕಾಲವಾಯಿತು; ಮನೆ ಮುಂದಿನ ರಾಜ್ಯ ಹೆದ್ದಾರಿಗೆ ಎಷ್ಟನೇ ಸಲ ಡಾಂಬರು ಬಿತ್ತೋ ಅದೇ ನಮಗೆ ಕಾಲ. ನಾನು ಹಳ್ಳಿಯಲ್ಲಿ ನಾಲ್ಕನೇ ಕ್ಲಾಸು ಓದಿದವಳು, ಮಾತು ಒರಟು. ಈ ಪತ್ರ ಕೈಸೇರುವಾಗ ನೀವು ಇಪ್ಪತ್ತಾರು ವರ್ಷದ ಸೊಸೆ, ನಾನು ಎಪ್ಪತ್ತೆರಡು ವರ್ಷದ ಮುದುಕಿ. ಹಿರಿಯರು ನೀವಾದರೂ ಬಯ್ಯುವ ವಯಸ್ಸು ನನ್ನದು, ತಪ್ಪು ತಿಳಿಯಬೇಡಿ.

ನಿಮ್ಮ ಮನೆಗೆ ರಸ್ತೆಯಿಂದ ಮೂರು ಮೆಟ್ಟಿಲು ಹತ್ತಬೇಕು. ಅದೇ ಮನೆಗೆ ನಾನು ಹದಿನಾರು ಮೆಟ್ಟಿಲು ಇಳಿಯುತ್ತೇನೆ. ಇಂಥದ್ದಕ್ಕೆ ಈಗ ಇಳಿಮನೆ ಎನ್ನುತ್ತಾರೆ. ಹಳೇ ಬಸ್ ನಿಲ್ದಾಣ ಬಿಟ್ಟು ಹತ್ತಿ ಮಿಲ್ಲು, ರೈಲ್ವೆ ಗೇಟು, ಆಸ್ಪತ್ರೆ ತಿರುವು ದಾಟಿ ಹೊಳೆಯ ಸೇತುವೆ ಮುಟ್ಟುವ ತನಕ ರಸ್ತೆಯ ಎರಡೂ ಬದಿ ಇಳಿಮನೆಗಳೇ. ದಾರಿಹೋಕರ ಕಾಲು ನಮ್ಮ ಸೂರಿನ ಬೆಳಕಿಂಡಿಯಲ್ಲಿ ಕಾಣುತ್ತದೆ. ಯಾರು ಬಂದರೆಂದು ಹಿಮ್ಮಡಿ ನೋಡಿಯೇ ಹೇಳುತ್ತೇವೆ. ಹೆಣ್ಣು ನೋಡಲು ಬರುವವರು ಮುಖಕ್ಕಿಂತ ಮೊದಲು ಹಿಮ್ಮಡಿ ಉಜ್ಜಿಕೊಳ್ಳುತ್ತಾರೆ. ಮಳೆ ಬಂದರೆ ಊರಿನ ನೀರೆಲ್ಲ ಹೇಳದೆ ಕೇಳದೆ ಒಳಗೆ ಬರುತ್ತದೆ.

ಮೆಟ್ಟಿಲ ಪಕ್ಕದಲ್ಲಿ ರಸ್ತೆಯ ಪದರಗಳು ಒಂದರ ಮೇಲೊಂದು ಕಾಣುತ್ತವೆ. ಮೊಮ್ಮಕ್ಕಳಿಗೆ ಅದೇ ಚರಿತ್ರೆಯ ಪುಸ್ತಕ. ಎಲ್ಲಕ್ಕಿಂತ ಕೆಳಗೆ ಎತ್ತಿನ ಗಾಡಿಯ ಕಾಲದ ಜಲ್ಲಿ. ಐದನೆಯದರಲ್ಲಿ ಕಡಿದ ಬೇವಿನ ಬೇರು. ರಸ್ತೆ ಅಗಲ ಮಾಡಿದ್ದು ಆಗ. ಒಂಬತ್ತನೆಯದರಲ್ಲಿ ಯಾರದೋ ಹಸಿರು ಬಳೆಯ ಚೂರು. ಹನ್ನೊಂದನೆಯದು ದೋಸೆಯಷ್ಟು ತೆಳು. ಯಾರೋ ದೊಡ್ಡವರು ಬರುತ್ತಾರೆಂದು ಒಂದೇ ದಿನದಲ್ಲಿ ಬಳಿದದ್ದಂತೆ. ನಲವತ್ತೊಂದು ಸಲ ಹಾಕಿದವರಲ್ಲಿ ಒಬ್ಬನಿಗೂ ಹಳೆಯದನ್ನು ಹೆರೆದು ಹಾಕಬೇಕೆಂದು ತೋಚಲಿಲ್ಲ. ಎಂಜಲು ತಟ್ಟೆಯ ಮೇಲೇ ಮತ್ತೆ ಬಡಿಸುವ ಬುದ್ಧಿ.

ಇವತ್ತು ಬೆಳಿಗ್ಗೆ ಪದರಾಧಿಕಾರಿ ರುದ್ರೇಶ ಬಂದಿದ್ದ. ರಸ್ತೆಗೆ ಪದರ ಹಾಕಿಸುವುದಷ್ಟೇ ಅವನ ಕೆಲಸ. ನಾಳೆ ನಲವತ್ತೆರಡನೆಯದು ಬೀಳುತ್ತದೆ, ಬೆಳಕಿಂಡಿ ಮುಚ್ಚುತ್ತದೆ, ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ಮನೆಯನ್ನೇ ಜಾಕಿ ಕೊಟ್ಟು ಎತ್ತಿಸುತ್ತೇನೆ ಎಂದ.

“ಮನೆ ಎತ್ತೋದು ಬ್ಯಾಡಪ್ಪ, ರಸ್ತೆ ಇಳಿಸು. ಡಾಂಬರಿಗಿಂತ ಮೊದ್ಲು ಬಂದೋರು ನಾವು” ಎಂದೆ.

“ಇಷ್ಟು ತಲೆಮಾರು ಯಾರೂ ಕೇಳ್ಲಿಲ್ವಲ್ಲಜ್ಜಿ” ಎಂದು ನಕ್ಕ.

ಅದಕ್ಕೇ ಈ ಪತ್ರ. ಮೂರನೇ ಪದರದ ಬಿರುಕಿಗೆ ಇದನ್ನು ತುರುಕುತ್ತಿದ್ದೇನೆ. ನಿಮ್ಮ ಕಾಲ ಅಲ್ಲೇ ಇದೆ. ಬಾಗಿಲಿಗೆ ರೋಲರ್ ಬಂದಾಗ ಒಲೆಯ ಮೇಲಿನ ಹಾಲು ಉಕ್ಕಿದರೂ ಸರಿ, ಹೊರಗೆ ಬಂದು ಅಡ್ಡ ನಿಲ್ಲಿ. ಹೆರೆದು ಹಾಕಿ ಎನ್ನಿ. ಸೊಸೆಗೆ ಯಾಕೆ ಊರ ಉಸಾಬರಿ ಎಂದು ಅತ್ತೆ ಅಂದರೆ, ಮುಂದೆ ಹದಿನಾರು ಮೆಟ್ಟಿಲು ಕೊಳೆನೀರು ಹೊತ್ತು ಹಾಕುವವಳೂ ಸೊಸೆಯೇ ಎನ್ನಿ.

ನಾಳೆ ಬೆಳಿಗ್ಗೆ ಇಳಿಮನೆಯ ಹೆಂಗಸರೆಲ್ಲ ಪಿಕಾಸಿ ಹಿಡಿದು ಮೇಲೆ ಹೋಗುತ್ತೇವೆ. ಹತ್ತುವಾಗ ನಾನು ಮೆಟ್ಟಿಲು ಎಣಿಸುತ್ತೇನೆ. ಒಂದು ಕಡಿಮೆಯಾಗಿ ಹದಿನೈದೇ ಇದ್ದರೆ ಅಂದು ನೀವು ಅಡ್ಡ ನಿಂತಿದ್ದಿರಿ ಎಂದು ತಿಳಿದು ಅಲ್ಲೇ ಕೈ ಮುಗಿಯುತ್ತೇನೆ. ಹದಿನಾರೂ ಇದ್ದರೆ ನಿಮ್ಮ ಮೇಲೆ ಸಿಟ್ಟಿಲ್ಲ. ಮೇಲಿನಿಂದ ನಾವೇ ಶುರು ಮಾಡುತ್ತೇವೆ. ಮೊದಲ ಏಟು ನನ್ನದು.

ಹಾಲಮ್ಮ