ನಿಲ್ಲದ ಮಚ್ಚು

ಅವ್ವ,

ಇವತ್ತು ನನ್ನ ಟಿವಿ ಕಾಮಿಡಿ ಶೋ ನೋಡಲು ಹುಳಿಯಾರಿನಿಂದ, ನಿನ್ನ ಜೊತೆ ಕೆಲಸ ಮಾಡುತ್ತಿದ್ದ ತಿಮ್ಮಕ್ಕ ಬಂದಿದ್ದಳು. ಶೂಟಿಂಗ್ ಮುಗಿದ ಮೇಲೆ ಸಾವ್ಕಾರರ ಕೊಬ್ಬರಿ ಶೆಡ್ಡಿನ ಮಾತು ಬಂತು.

ನಾನು ಚಿಕ್ಕವಳಿದ್ದಾಗ, ನೀವೆಲ್ಲ ಅಲ್ಲಿ ಕೊಬ್ಬರಿಯ ಚಿಪ್ಪು ಕೆತ್ತುವಾಗ ಎದುರಿಗೆ ನಿಂತು ಊರವರನ್ನೆಲ್ಲ ಅಣಕಿಸುತ್ತಿದ್ದೆ. ನಗು ಬಂದರೆ ಎಲ್ಲರ ಮಚ್ಚೂ ನಿಲ್ಲುತ್ತಿತ್ತು, ನಿನ್ನದು ಮಾತ್ರ ಇಲ್ಲ. ನಿನಗೆ ಹಿಡಿಸಲಿಲ್ಲವೆಂದುಕೊಂಡು ಇನ್ನೂ ಚೆನ್ನಾಗಿ ಮಾತಾಡಲು ಕಲಿತೆ. ಅದೇ ಇವತ್ತು ಅನ್ನ ಹಾಕುತ್ತಿದೆ.

ಇದನ್ನು ಹೇಳಿದ್ದಕ್ಕೆ ತಿಮ್ಮಕ್ಕ ಬೈದಳು: "ಅಯ್ಯೋ ಹುಚ್ಚಿ, ನಿನ್ನಿಂದ ಕೆಲ್ಸ ಕಮ್ಮಿಯಾಗಿದ್ರೆ ಸಾವ್ಕಾರ ನಿನ್ನ ಒಳಕ್ಕೇ ಬಿಡ್ತಿರ್ಲಿಲ್ಲ ಕಣೇ. ಅದುಕ್ಕೇ ನಿಮ್ಮವ್ವ ನಗು ನುಂಗ್ಕೊಂಡು ನಮ್ಮ ಪಾಲಿಂದೂ ಕೆತ್ತೋಳು."

ನೀನು ತೀರಿಹೋದ ಮೇಲೂ, ಚಪ್ಪಾಳೆಯ ನಡುವೆ ನಿನ್ನ ಮಚ್ಚು ನಿಲ್ಲುವುದನ್ನೇ ಕಾಯುತ್ತಿದ್ದೆ. ಇನ್ನು ಕಾಯುವುದಿಲ್ಲ. ನೀನು ಕೆತ್ತುತ್ತಿರು ಅವ್ವ, ನಾನು ಮಾತಾಡುತ್ತಿರುತ್ತೇನೆ.