ಬಿಸ್ಕತ್ತಿನ ಡಬ್ಬಿಯ ಮತ

ಸ್ಪ್ರಿಂಗ್ ವ್ಯಾಲಿ, ನೈರೋಬಿ
೧೬ ಮಾರ್ಚ್ ೧೯೯೯

ತಮ್ಮನಂಥ ವಲೇರಿಯನ್‌ಗೆ,

ಅಂಬುಜಕ್ಕನ ಆಶೀರ್ವಾದ ನಿನಗೆ ಯಾವಾಗಲೂ ಇದ್ದೇ ಇದೆ. ನೀನು ಕೇಳಿದ ಕ್ಷಮಾಪಣೆ ಮಾತ್ರ ಈ ಪತ್ರದಲ್ಲಿಲ್ಲ, ಹುಡುಕಬೇಡ.

"ಒಂದು ಸಾರಿ ತಪ್ಪಾಯ್ತು ಅಂತ ಬರೆದು ಸಹಿ ಹಾಕಿ ಅಕ್ಕಾ, ಕಂಪಾಲಾದವರಿಗೂ ದಾರ್ ಎಸ್ ಸಲಾಮ್‌ನವರಿಗೂ ನಾನು ಹೇಳ್ತೇನೆ, ಎಲ್ಲ ಸರಿಯಾಗ್ತದೆ ಮಾರಾಯ್ರೆ" ಎಂದೆ ನೀನು ಫೋನಿನಲ್ಲಿ. ಏನು ಸರಿಯಾಗುತ್ತದೆ?

ಮೂರು ದೇಶಗಳಿಗೆ ಸೇರಿ ಒಂದು ಶಾಸನಸಭೆ ಬೇಕು, ಅದಕ್ಕೆ ಜನರೇ ನೇರವಾಗಿ ಮತ ಹಾಕಬೇಕು. ನಮ್ಮ ಪಕ್ಷ ಹುಟ್ಟಿದ್ದೇ ಇದಕ್ಕಾಗಿ. ಅಂಥ ಪಕ್ಷದ ಕೇಂದ್ರ ಸಮಿತಿಗೆ ನೈರೋಬಿಯಿಂದ ನೀನೇ ಹೋಗಬೇಕೆಂದು, ನೀನೂ ಸೇರಿ ಮೂರೂ ಶಾಖೆಗಳ ಅಧ್ಯಕ್ಷರು ಮೊದಲೇ ಮಾತಾಡಿಕೊಂಡಿದ್ದಿರಿ. ನಾನೂ ಸ್ಪರ್ಧಿಸುತ್ತೇನೆ, ಚೀಟಿಯಲ್ಲಿ ಗುಟ್ಟಾಗಿ ಮತ ನಡೆಯಲಿ ಎಂದೆ. ನೀನು ಗಡಿಯಾರ ನೋಡಿಕೊಂಡು, ಹೊತ್ತಾಯಿತು, ಬೇಕಾದವರ ಹಿಂದೆ ಸಾಲಾಗಿ ನಿಲ್ಲಿ ಎಂದು ಅಪ್ಪಣೆ ಕೊಟ್ಟೆ. ಕಸರಾನಿಯ ಆ ಶಾಲೆಯ ಅಂಗಳದಲ್ಲಿ ನಿನ್ನ ಹಿಂದೆ ನಲವತ್ತೊಂದು ಜನ, ನನ್ನ ಹಿಂದೆ ಮೂವರು.

ಸಾಲು! ಎಂಬತ್ತೆಂಟರಲ್ಲಿ ಸರ್ಕಾರ ಮತದಾರರನ್ನು ಹೀಗೆಯೇ ಬಯಲಿನಲ್ಲಿ ಸಾಲು ನಿಲ್ಲಿಸಿದಾಗ ಸಿಟ್ಟಿಗೆದ್ದು ನಮ್ಮ ಮನೆಗೆ ಬಂದವನು ನೀನೇ ತಾನೆ? ನನ್ನ ಬಿಸ್ಕತ್ತಿನ ಡಬ್ಬಿ ಬರಿದು ಮಾಡಿ, ಮುಚ್ಚಳಕ್ಕೆ ಉಳಿ ಹೊಡೆದು ಸೀಳು ಮಾಡಿದೆ. ಬೆರಳು ಕೊಯ್ದುಕೊಂಡೆ, ನಾನು ಬಟ್ಟೆ ಕಟ್ಟಿದೆ. ನಮ್ಮ ಏಳು ಜನರ ಕೂಟ ಮೊದಲ ಮತ ಹಾಕಿದ್ದು ಆ ಡಬ್ಬಿಯಲ್ಲಿ. ಆ ವಲೇರಿಯನ್ ಅಂದರೆ ನನಗೆ ಈಗಲೂ ಜೀವ. ರುಂಡಾದ ಬಂಗಲೆಯಿಂದ ಫೋನ್ ಮಾಡುವವನ ಗುರುತು ಮಾತ್ರ ಹತ್ತುತ್ತಿಲ್ಲ.

ಸಭೆ ಮುಗಿದ ಮೇಲೆ ನಿನ್ನ ಸಾಲಿನಲ್ಲಿದ್ದ ಒಬ್ಬರು ಮಟಾಟು ಹತ್ತುವ ಮುನ್ನ ನನ್ನ ಕೈ ಹಿಡಿದು, "ಪೋಲೆ, ಮಾಮಾ" ಎಂದು ತಾಯಿಯ ಬಳಿ ಕೇಳುವಂತೆ ಕ್ಷಮೆ ಕೇಳಿದರು. ಕಣ್ಣು ತುಂಬಿತ್ತು. ನಿನ್ನ ಮನೆಯಲ್ಲಿ ಅಡುಗೆ ಮಾಡುವವರೋ, ನಿನ್ನ ಗೋದಾಮಿನಲ್ಲಿ ದುಡಿಯುವವರೋ, ಮಗಳ ಶಾಲೆಗೆ ನಿನ್ನ ಶಿಫಾರಸು ಪಡೆದವರೋ, ನಾನು ಹೇಳುವುದಿಲ್ಲ. ಹೇಳಿದರೆ ನಾಳೆ ಅವರ ಅನ್ನಕ್ಕೆ ಕಲ್ಲು ಬಿದ್ದೀತು. ಅನ್ನ ಕೊಡುವವನು ನೋಡುತ್ತ ನಿಂತಾಗ ಬಡವರು ಯಾವ ಸಾಲಿಗೆ ಹೋದಾರು, ನೀನೇ ಹೇಳು.

ಶಾಖೆಯ ಕಾರ್ಯದರ್ಶಿಯಾದ ನನ್ನ ಸಹಿಯಿಲ್ಲದೆ ನಿನ್ನ ಆಯ್ಕೆಯನ್ನು ಕಂಪಾಲಾದವರು ಒಪ್ಪುವುದಿಲ್ಲ. ಗೊತ್ತಿದ್ದೇ ಸಹಿ ಹಾಕಿಲ್ಲ, ಹಾಕುವುದೂ ಇಲ್ಲ. ಪಕ್ಷದಿಂದ ನನ್ನ ಹೆಸರು ಹೊಡೆದುಹಾಕುತ್ತೀರಂತೆ. ಹಾಕಿ. ಅಲ್ಲಿಯವರೆಗೆ ನಾನೇ ಕಾರ್ಯದರ್ಶಿ. ಬರುವ ಭಾನುವಾರ ಹತ್ತು ಗಂಟೆಗೆ, ಅದೇ ಅಂಗಳದಲ್ಲಿ, ಮತ್ತೆ ಮತದಾನ. ಎಲ್ಲರಿಗೂ ನೋಟಿಸು ಹೋಗಿದೆ. ಡಬ್ಬಿಯನ್ನು ಅಟ್ಟದಿಂದ ಇಳಿಸಿ ಒರೆಸಿಟ್ಟಿದ್ದೇನೆ. ಸೀಳಿನ ಅಂಚು ಇನ್ನೂ ಚೂಪಾಗಿದೆ, ಬೆರಳು ಜೋಪಾನ.

ನೀನೂ ಬಾ. ನಿನ್ನ ಚೀಟಿ ನಿನಗೇ ಹಾಕಿಕೋ. ನಾನು ಇಣುಕಿ ನೋಡುವುದಿಲ್ಲ.

ನಿನಗೆ ಒಳ್ಳೆಯದಾಗಲಿ, ನಿನ್ನ ಸಾಲಿನಲ್ಲಿ ನಿಂತವರಿಗೂ.

ಇನ್ನೂ ಕಾರ್ಯದರ್ಶಿಯಾಗಿರುವ
ಅಂಬುಜಕ್ಕ